ನಂಬರ್ ಕಾಣದ ಹಾಗೆ ಮುಗಿಸೋದು ಹೇಗೆ?

ಆಫೀಸ್‌ನಿಂದ ಬಂದು ರಾತ್ರಿ ಒಂದೊಂದು ಗಂಟೆ ಕೂತು, ಎರಡು ತಿಂಗಳಲ್ಲಿ ಮುಗಿಸಿದ ಪೇಂಟ್ ಬೈ ನಂಬರ್ಸ್ ತಾವರೆ ಅದು. ಅಮ್ಮನ ಹುಟ್ಟುಹಬ್ಬಕ್ಕೆ ಕೊಟ್ಟೆ. ಕನ್ನಡಕ ಏರಿಸಿ ನೋಡಿದ ಅಮ್ಮ, "ಚೆನ್ನಾಗಿದೆ ಕಣೇ, ಆದ್ರೆ ಈ ದಳದ ಮೇಲೆ 17 ಅಂತ ಯಾಕಿದೆ?" ಅಂದ್ರು!

ವಾಪಸ್ ತಂದು ಸರಿ ಮಾಡುವಾಗ ಕಲಿತಿದ್ದು ಇಷ್ಟು:

ಎರಡನೇ ಕೋಟ್: ಹಳದಿ, ತಿಳಿಗುಲಾಬಿಯಂಥ ಬಣ್ಣಗಳಡಿ ಅಂಕಿ ಇಣುಕುತ್ತೆ. ಮೊದಲ ಕೋಟ್ ಪೂರ್ತಿ ಒಣಗಿದ ಮೇಲೆ ಅದೇ ಬಣ್ಣ ಮತ್ತೊಮ್ಮೆ ಹಚ್ಚಿ. ಬಣ್ಣ ಗಟ್ಟಿಯಾಗಿದ್ರೆ ಒಂದೇ ಹನಿ ನೀರು ಸಾಕು. ಜಾಸ್ತಿಯಾದ್ರೆ ನಂಬರ್ ಮತ್ತೆ ಹಾಜರ್!

ಸಂದುಗಳು: ಎರಡು ಬಣ್ಣ ಸೇರುವಲ್ಲಿ ಬಿಳಿ ಕ್ಯಾನ್ವಾಸ್ ಕಾಣ್ತಿದ್ರೆ, ಸಣ್ಣ ಬ್ರಶ್‌ನಿಂದ ಗಾಢ ಬಣ್ಣವನ್ನು ಗೆರೆಯವರೆಗೂ ಎಳೆಯಿರಿ.

ವಾರ್ನಿಶ್: ಕನಿಷ್ಠ ಒಂದು ದಿನ ಒಣಗಲು ಬಿಡಿ. ಧೂಳು ಒರೆಸಿ, ನೀರು ಆಧಾರಿತ ಅಕ್ರಿಲಿಕ್ ವಾರ್ನಿಶ್ ಎರಡು ತೆಳು ಕೋಟ್ ಕೊಡಿ. ಮೊದಲನೆಯದು ಅಡ್ಡಕ್ಕೆ, ಒಣಗಿದ ಮೇಲೆ ಎರಡನೆಯದು ಉದ್ದಕ್ಕೆ. ಗೋಡೆ ಮೇಲೆ ಬೆಳಕು ಬೀಳೋದಾದ್ರೆ ಮ್ಯಾಟ್, ಬಣ್ಣ ಎದ್ದು ಕಾಣಬೇಕಾದ್ರೆ ಗ್ಲಾಸಿ. ಮರದ ವಾರ್ನಿಶ್ ಬೇಡ, ಹಳದಿ ತಿರುಗುತ್ತೆ. ಜಡಿಮಳೆಯ ದಿನವೂ ಬೇಡ, ತೇವಕ್ಕೆ ಮಂಕಾಗಬಹುದು.

ಅಂಚು: ಫ್ರೇಮ್ ಹಾಕಿಸದಿದ್ರೆ ಪಕ್ಕದ ಅಂಚಿಗೂ ಚಿತ್ರದ ಬಣ್ಣವನ್ನೇ ಮುಂದುವರಿಸಿ. ಅರ್ಧ ಅಂದ ಅಲ್ಲೇ ಇದೆ.

ಈಗ ತಾವರೆ ಅಮ್ಮನ ಹಾಲ್‌ನಲ್ಲಿದೆ. ಬಂದವರಿಗೆಲ್ಲ "ಮಗಳೇ ಬಿಡಿಸಿದ್ದು" ಅಂತಾರೆ. 17 ಎಲ್ಲಿತ್ತು ಅನ್ನೋದು ನಮ್ಮಿಬ್ಬರಿಗೆ ಮಾತ್ರ ಗೊತ್ತು.