ಕೋಳಿಯ ಕಾವು, ಹಾವಿನ ತತ್ತಿ

 

ಕೋಳಿ ಕಾವಿಗೆ ಕೂತದ್ದನ್ನು ನಾವೆಲ್ಲರೂ ನೋಡಿದ್ದೇವೆ. ಆದರೆ ಹಾವಿನ ತತ್ತಿಗೆ ಕಾವು ಕೊಡುವವರು ಯಾರು? ಈ ಪ್ರಶ್ನೆಗೆ ಉತ್ತರ ನನಗೆ ಈ ವರ್ಷ ನಮ್ಮ ತಿಪ್ಪೆಯಲ್ಲಿ ಸಿಕ್ಕಿತು. ಕಲಿಯುವಾಗ ಒಂದು ತಪ್ಪು ಮಾಡಿದೆ. ಅದನ್ನೂ ಮುಚ್ಚಿಡದೆ ಬರೆದಿದ್ದೇನೆ.

ಸಾಲಿ ಶುರುವಾದ ವಾರ ಅಪ್ಪ ಹೊಲಕ್ಕೆ ಗೊಬ್ಬರ ಹೇರುತ್ತಿದ್ದ. ತಿಪ್ಪೆಯ ಅಂಚಿನಲ್ಲಿ ಸಲಿಕೆ ಹಾಕಿದಾಗ ಕೊಳೆತ ಕಣಕಿಯ ನಡುವೆ ೧೧ ಬಿಳಿ ತತ್ತಿ ಕಂಡವು. ಕೋಳಿ ತತ್ತಿಗಿಂತ ಸಣ್ಣವು, ಉದ್ದನೆಯವು. ೯ ಒಂದಕ್ಕೊಂದು ಅಂಟಿಕೊಂಡಿದ್ದವು, ೨ ಬಿಡಿಯಾಗಿದ್ದವು. ಅಜ್ಜ, “ಹಾವಿನ ತತ್ತಿ ಅದಾವು, ಸುಟ್ಟ ಬಿಡ್ರಿ” ಅಂದ. ಅಪ್ಪ, “ನಾಳೆ ನೋಡೂಣು” ಅಂತ ಮ್ಯಾಲೆ ಗೊಬ್ಬರ ಎಳೆದ. ಮರುದಿನ ಮಳೆ ಹತ್ತಿತು, ಚಕ್ಕಡಿ ನಿಂತಿತು.

ನನಗೋ ಮರಿ ನೋಡುವ ಆಸೆ. ಮನೆಯಲ್ಲಿ ಕೋಳಿ ಕಾವಿಗೆ ಕೂತಿತ್ತು. ಯಾರಿಗೂ ಹೇಳದೆ ಬಿಡಿ ಇದ್ದ ಎರಡು ತತ್ತಿ ತಂದು ಅದರ ಬುಟ್ಟಿಯಲ್ಲಿಟ್ಟೆ. ನಾಲ್ಕೇ ದಿನಕ್ಕೆ ಎರಡೂ ತಗ್ಗು ಬಿದ್ದು ಸುಕ್ಕಾದವು. ಏಳನೇ ದಿನ ನಾತ ಹೊಡೆಯಿತು. ಅಂಜಿಕೊಂಡು ನಮ್ಮ ಸರ್‌ಗೆ ಹೇಳಿದೆ. ಅವರು ಮೊದಲು ಬೈದರು. “ಅದು ನಾಗರಹಾವಿನ ತತ್ತಿ ಆಗಿದ್ರ? ಮರಿಗೆ ಹುಟ್ಟಿದ ದಿನಾನ ವಿಷ ಇರತೈತಿ” ಅಂದರು. ಆಮೇಲೆ ವಿಜ್ಞಾನದ ಪೆಟ್ಟಿಗೆಯಿಂದ ಉಷ್ಣಮಾಪಕ ತೆಗೆದುಕೊಂಡು ನಮ್ಮ ಮನೆಗೆ ಬಂದರು. ಜ್ವರ ನೋಡುವ ಉಷ್ಣಮಾಪಕ ಇದಕ್ಕೆ ನಡೆಯುವುದಿಲ್ಲ. ಅದರ ಗೆರೆಗಳು ೩೫ ಡಿಗ್ರಿಯಿಂದಲೇ ಶುರು. ತತ್ತಿಗೆ ತಾಗದಂತೆ ಸರ್ ಒಂದು ಗೇಣು ದೂರದಲ್ಲಿ ಅಳೆದರು. ಬಂದ ಲೆಕ್ಕ ಇದು:

ಕೋಳಿಯ ಕೆಳಗೆ — ೩೮ ಡಿಗ್ರಿ ಸೆಲ್ಸಿಯಸ್
ತತ್ತಿ ಇದ್ದ ಹಳೆಯ ಗೊಬ್ಬರದಲ್ಲಿ — ೩೦ ಡಿಗ್ರಿ
ಹಸಿ ಸಗಣಿ ಹಾಕಿದ ಕಡೆ, ಮೊಳಕೈ ಆಳದಲ್ಲಿ — ೪೮ ಡಿಗ್ರಿ

ಒಂದೇ ತಿಪ್ಪೆಯಲ್ಲಿ ಇಷ್ಟು ವ್ಯತ್ಯಾಸ! ಹಾವು ತತ್ತಿ ಇಟ್ಟದ್ದು ಕುದಿಯುವ ಕಡೆಗಲ್ಲ, ಬೆಚ್ಚಗಿರುವ ಕಡೆಗೆ.

ಕೋಳಿ ತತ್ತಿ ಹೇಗೆ?

ಕೋಳಿ ತತ್ತಿಗೆ ಸುಮಾರು ೩೭.೫ ಡಿಗ್ರಿ ಕಾವು ಬೇಕು, ೨೧ ದಿನ ಬೇಕು. ಕೋಳಿ ತನ್ನ ಕೊಕ್ಕಿನಿಂದ ದಿನಕ್ಕೆ ಹಲವು ಸಲ ತತ್ತಿ ಹೊರಳಿಸುತ್ತದೆ. ಹೊರಳಿಸದಿದ್ದರೆ ಒಳಗಿನ ಮರಿ ಸಿಪ್ಪೆಯ ಕಡೆಗೆ ಅಂಟಿ ಸಾಯಬಹುದು.

ಹಾವಿನ ತತ್ತಿ ಹೇಗೆ?

ಇದು ಪೂರಾ ಉಲ್ಟಾ. ಸಿಪ್ಪೆ ಗಟ್ಟಿ ಇರುವುದಿಲ್ಲ, ತೊಗಲಿನ ಹಾಗೆ ಮೆತ್ತಗಿರುತ್ತದೆ. ಸುತ್ತಲಿನ ತಂಪನ್ನು ಹೀರಿ ತತ್ತಿ ಉಬ್ಬುತ್ತದೆ. ಒಣಗಿದ ಜಾಗದಲ್ಲಿ ಸುಕ್ಕಾಗುತ್ತದೆ. ಕೇರೆ, ನಾಗರ ಮುಂತಾದವುಗಳ ತತ್ತಿಗೆ ೨೮ರಿಂದ ೩೦ ಡಿಗ್ರಿಯಷ್ಟು ಕಾವು ಸಾಕು, ಸುಮಾರು ಎರಡು ತಿಂಗಳು ಬೇಕು. ಕಾವು ಕಡಿಮೆಯಾದರೆ ಮರಿ ತಡವಾಗುತ್ತದೆ. ಹೆಚ್ಚಾದರೆ ಬೆನ್ನು ಸೊಟ್ಟಗಾಗುತ್ತದೆ, ಇಲ್ಲವೇ ಒಳಗೇ ಸಾಯುತ್ತದೆ. ಒಂದು ಸಲ ಮರಿ ಮೇಲ್ಬದಿಗೆ ಅಂಟಿ ಬೆಳೆಯತೊಡಗಿದರೆ ತತ್ತಿಯನ್ನು ಹೊರಳಿಸಲೇಬಾರದು.

ಅಂದರೆ ನನ್ನ ಎರಡು ತತ್ತಿಗೆ ಮೂರು ಕೇಡು ಒಟ್ಟಿಗೆ ಆಗಿದ್ದವು: ಕಾವು ಹೆಚ್ಚು, ತಂಪು ಕಡಿಮೆ, ಮೇಲೆ ಕೋಳಿಯ ಹೊರಳಾಟ. ಕೋಳಿಯದೇನೂ ತಪ್ಪಿಲ್ಲ. ಅದು ತನ್ನ ತತ್ತಿಗೆ ಮಾಡುವುದನ್ನೇ ಮಾಡಿತು.

ಬೇರೆ ಹಾವುಗಳು

ಎಲ್ಲ ಹಾವುಗಳೂ ತತ್ತಿ ಇಟ್ಟು ಹೋಗಿಬಿಡುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಆಗುಂಬೆಯ ಕಾಡಿನಲ್ಲಿ ಕಾಳಿಂಗ ಸರ್ಪವಿದೆ. ಅದರ ಹೆಣ್ಣು ಒಣ ಎಲೆಗಳನ್ನು ಮೈಯಿಂದ ಎಳೆದು ಗುಡ್ಡೆ ಮಾಡಿ ಗೂಡು ಕಟ್ಟಿ, ಅದರೊಳಗೆ ತತ್ತಿ ಇಟ್ಟು ಕಾಯುತ್ತದೆ. ನಮ್ಮ ತಿಪ್ಪೆಯ ಹಾಗೆಯೇ ಎಲೆ ಕೊಳೆಯುವಾಗ ಗೂಡು ಬೆಚ್ಚಗಿರುತ್ತದೆ. ರೋಮ್ಯುಲಸ್ ವಿಟೇಕರ್ ಎಂಬ ಹಾವು ತಜ್ಞರು ೨೦೦೫ರಲ್ಲಿ ಅಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ಶುರುಮಾಡಿದರು. ಹೆಬ್ಬಾವು ತತ್ತಿಗಳ ಸುತ್ತ ಸುರುಳಿ ಸುತ್ತಿಕೊಂಡು, ಮೈ ಅದುರಿಸಿ ತಾನೇ ಕಾವು ಕೊಡುತ್ತದೆ. ಕೊಳಕುಮಂಡಲ ತತ್ತಿಯನ್ನೇ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತದೆ.

ಅಮೇರಿಕಾದಲ್ಲಿ ಕಾರ್ನ್ ಸ್ನೇಕ್ ಎಂಬ ವಿಷವಿಲ್ಲದ ಹಾವನ್ನು ಮನೆಯಲ್ಲೇ ಸಾಕುತ್ತಾರೆ. ತತ್ತಿಯನ್ನು ಹಸಿ ಪಾಚಿ ತುಂಬಿದ ಡಬ್ಬಿಯಲ್ಲಿಡುತ್ತಾರೆ. ಶಾಖ ಹೆಚ್ಚಾದರೆ ತಾನೇ ಬಂದ್ ಆಗುವ ಸ್ವಿಚ್ ಇರುತ್ತದೆ. ಯಾವ ಬದಿ ಮೇಲಿತ್ತೆಂದು ಮರೆಯಬಾರದಲ್ಲ, ಅದಕ್ಕೆ ತತ್ತಿಯ ಮೇಲೆ ಪೆನ್ಸಿಲ್ ಗುರುತು ಹಾಕುತ್ತಾರೆ. ನಮ್ಮಲ್ಲಿ ಹಾಗೆ ಮಾಡುವಂತಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಪ್ರಕಾರ ನಮ್ಮ ಹಾವುಗಳನ್ನು ಸಾಕುವುದು ಅಪರಾಧ.

ನಮ್ಮ ತಿಪ್ಪೆಯಲ್ಲಿ ಏನಾಯಿತು?

ಸರ್ ಅಪ್ಪನಿಗೆ ತಿಳಿಸಿ ಹೇಳಿದರು. ಕೇರೆಹಾವು ಇಲಿ ತಿಂದು ನಮ್ಮ ಕಾಳು ಉಳಿಸುತ್ತದೆ ಎಂದರು. ಆದರೆ ತತ್ತಿ ನೋಡಿ ಕೇರೆಯದೋ ನಾಗರದೋ ಹೇಳುವುದು ನಮ್ಮಂಥವರಿಗೆ ಆಗದು. ಅಪ್ಪ ಬಹಳ ಹೊತ್ತು ಸುಮ್ಮನೆ ನಿಂತ. ಆಮೇಲೆ ಆ ಬದಿಗೆ ನಾಲ್ಕು ಗೂಟ ಬಡಿದು ಮುಳ್ಳು ಹಚ್ಚಿದ. ಎರಡು ಚಕ್ಕಡಿ ಗೊಬ್ಬರ ಅಲ್ಲೇ ಉಳಿಯಿತು. ಕೆರೆ ಕಡೆಯ ಪಟ್ಟಿಗೆ ಗೊಬ್ಬರವಿಲ್ಲದೇ ಗೋವಿನಜೋಳ ಬಿತ್ತಿದ. ಅಲ್ಲಿಯ ಬೆಳೆ ಈಗಲೂ ಗಿಡ್ಡ ಐತಿ. ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ.

ನಾಗರ ಪಂಚಮಿಗೆ ಇನ್ನೂ ಎಂಟು ದಿನ ಇರುವಾಗ ಮೇಲಿನ ಗೊಬ್ಬರ ಸರಿದು ಸಿಪ್ಪೆ ಕಂಡವು. ೮ ಸಿಪ್ಪೆಗಳಲ್ಲಿ ಬ್ಲೇಡಿನಿಂದ ಕೊಯ್ದ ಹಾಗೆ ಸೀಳು ಇತ್ತು. ಮರಿಯ ಮೂತಿಯ ತುದಿಗೆ ಒಂದು ಸಣ್ಣ ಹಲ್ಲು ಇರುತ್ತದೆ, ಅದರಿಂದಲೇ ಸೀಳಿ ಹೊರಬರುತ್ತದೆ. ಒಂದು ತತ್ತಿ ಮಾತ್ರ ಹಾಗೇ ಒಣಗಿತ್ತು. ಮರಿಗಳನ್ನು ನಾವು ಯಾರೂ ನೋಡಲಿಲ್ಲ. ಅಜ್ಜ ಸಿಪ್ಪೆ ನೋಡಿ, “ಹೋಗ್ಲಿ, ತಮ್ಮ ಪಾಡಿಗೆ ತಾವು ಹೋಗ್ಯಾವು” ಅಂದ.

ನೆನಪಿಡಿ:

೧. ತಿಪ್ಪೆ, ಬಣವೆ, ಹುತ್ತದ ಹತ್ತಿರ ತತ್ತಿ ಕಂಡರೆ ಕೈ ಹಾಕಬೇಡಿ. ತಾಯಿ ಹಾವು ಹತ್ತಿರದಲ್ಲೇ ಇರಬಹುದು.
೨. ಎತ್ತಬೇಡಿ, ಹೊರಳಿಸಬೇಡಿ, ಸುಡಬೇಡಿ.
೩. ದೊಡ್ಡವರಿಗೆ ಹೇಳಿ. ಓಡಾಡುವ ಜಾಗದಲ್ಲಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ.
೪. ಕೋಳಿಯ ಕೆಳಗೆ ಕೋಳಿ ತತ್ತಿಯನ್ನೇ ಇಡಿ.

— ಏಳನೇ ತರಗತಿ ವಿದ್ಯಾರ್ಥಿ, ದುಂಡಸಿ