ಇಪ್ಪತ್ತನಾಲ್ಕು ವೋಲ್ಟಿನ ಸಂಕೇತವೂ ಮೈಕ್ರೊಕಂಟ್ರೋಲರೂ

ಮುಂಬಯಿಯ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು 1500 ವೋಲ್ಟಿನ ಏಕಮುಖ ಪ್ರವಾಹದಿಂದ ಓಡಿತು. ಠಾಣೆ, ಡೊಂಬಿವಲಿ, ಕಲ್ಯಾಣಗಳ ಮಾರ್ಗದಲ್ಲಿ ಇಂದು ಹರಿಯುವುದು 25,000 ವೋಲ್ಟಿನ ಪರ್ಯಾಯ ಪ್ರವಾಹ. ಈ ಮಾರ್ಪಾಡು ಹಂತಹಂತವಾಗಿ ನಡೆದ ವರ್ಷಗಳಲ್ಲಿ ಎರಡಕ್ಕೂ ಒಗ್ಗುವ ಗಾಡಿಗಳನ್ನು ಓಡಿಸಬೇಕಾಯಿತು. ಭಿನ್ನ ಒತ್ತಡಗಳು ಕೂಡುವೆಡೆಯಲ್ಲಿ ಅವನ್ನು ಹೊಂದಿಸುವ ಏರ್ಪಾಡೊಂದು ಅವಶ್ಯವೆಂಬ ಈ ನಿಯಮವು ಅಂಗೈಯಲ್ಲಡಗುವ ಸಲಕರಣೆಗೂ ಅನ್ವಯಿಸುತ್ತದೆ.

1962ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ಪ್ರದೇಶಗಳು ಡೊಂಬಿವಲಿಯಲ್ಲಿಯೂ ನವಿ ಮುಂಬಯಿಯ ಠಾಣೆ–ಬೇಲಾಪುರ ರಸ್ತೆಯ ಬದಿಯಲ್ಲಿಯೂ ಇವೆ. ಇಂಥೆಡೆಯ ಕಾರ್ಖಾನೆಗಳಲ್ಲಿ ಸೆನ್ಸರು, ಸ್ವಿಚ್ಚುಗಳು ಸಾಮಾನ್ಯವಾಗಿ 24 ವೋಲ್ಟಿನಿಂದ ‘ಇದೆ’ ಎಂದೂ ಸೊನ್ನೆಯಿಂದ ‘ಇಲ್ಲ’ ಎಂದೂ ಸಂಕೇತ ನೀಡುತ್ತವೆ. ಅದನ್ನು ಓದಿ ತೀರ್ಮಾನಿಸುವ ಮೈಕ್ರೊಕಂಟ್ರೋಲರ್ ಎಂಬ ಒಂದೇ ಚಿಪ್‌ನ ಗಣಕಕ್ಕಾದರೋ ಒಗ್ಗುವುದು 3.3 ಅಥವಾ 5 ವೋಲ್ಟು ಮಾತ್ರ. ಅದರ ಪಿನ್ನುಗಳ ಹಿಂದೆ ಸಾಮಾನ್ಯವಾಗಿ ಸಣ್ಣ ಡಯೋಡುಗಳು ಕಾವಲಿರುತ್ತವೆ. ಹೊರಗಿನ ಒತ್ತಡವು ಚಿಪ್‌ನ ಒತ್ತಡವನ್ನು ಅರ್ಧ ವೋಲ್ಟಿನಷ್ಟು ಮೀರಿದೊಡನೆ ಅವು ಪ್ರವಾಹವನ್ನು ಬದಿಗೆ ಹರಿಯಗೊಡುತ್ತವೆ. ಆದರೆ ಅವು ತಾಳುವುದು ಕೆಲವೇ ಮಿಲಿಆಂಪಿಯರುಗಳನ್ನು. 24 ವೋಲ್ಟು ನೇರವಾಗಿ ಬಂದರೆ ಕಾವಲೂ ಚಿಪ್ಪೂ ಒಟ್ಟಿಗೆ ಸುಟ್ಟುಹೋಗುತ್ತವೆ.

ಸುಲಭವಾದ ಉಪಾಯವೆಂದರೆ ಎರಡು ರೆಸಿಸ್ಟರುಗಳಿಂದ ಒತ್ತಡವನ್ನು ಭಾಗಿಸುವುದು. ಸಂಕೇತದ ತಂತಿಗೂ ಪಿನ್ನಿಗೂ ನಡುವೆ 39 ಕಿಲೋ ಓಮ್, ಪಿನ್ನಿಗೂ ಗ್ರೌಂಡಿಗೂ ನಡುವೆ 4.7 ಕಿಲೋ ಓಮ್ ಇರಿಸಿದರೆ 24 ವೋಲ್ಟು ಸುಮಾರು 2.6ಕ್ಕೆ ಇಳಿಯುತ್ತದೆ, ಪೂರೈಕೆಯು 30ಕ್ಕೆ ಏರಿದರೂ ಪಿನ್ನಿನಲ್ಲಿ 3.3ನ್ನು ದಾಟದು. 3.3 ವೋಲ್ಟಿನ ಅನೇಕ ಚಿಪ್‌ಗಳು ‘ಇದೆ’ ಎಂದು ಖಚಿತವಾಗಿ ಗ್ರಹಿಸಲು 2.3 ವೋಲ್ಟಾದರೂ ಬೇಕು. ಮೇಲಿನ ರೆಸಿಸ್ಟರನ್ನು 47 ಕಿಲೋ ಓಮ್‌ಗೆ ಏರಿಸಿದರೆ ದೊರೆಯುವುದು ಸುಮಾರು 2.2 ಮಾತ್ರ, ಚಿಪ್ ಉಳಿದೀತು, ಸಂಕೇತವು ಸಂದಿಗ್ಧವಾದೀತು. ಅತಿ ಎಚ್ಚರವೂ ಇಲ್ಲಿ ದೋಷವೇ.

ಈ ಉಪಾಯಕ್ಕೆ ಎರಡೂ ಕಡೆಯ ಗ್ರೌಂಡು ಒಂದೇ ಆಗಿರಬೇಕು. ಮೋಟಾರುಗಳ ಬಳಿ ದೂರದಿಂದ ಹಾದುಬರುವ ತಂತಿಯಲ್ಲಾದರೆ ಒಮ್ಮೊಮ್ಮೆ ಕ್ಷಣಮಾತ್ರ ನೂರಾರು ವೋಲ್ಟುಗಳು ಏಳುವುದುಂಟು. ಅಲ್ಲಿ ಆಪ್ಟೊಕಪ್ಲರ್ ಲೇಸು. ಅದರೊಳಗೆ ಸಂಕೇತವು ಪುಟ್ಟ ಎಲ್‌ಇಡಿ ದೀಪವನ್ನು ಬೆಳಗಿಸುತ್ತದೆ. ಆ ಬೆಳಕು ತಾಗಿದ ಟ್ರಾನ್ಸಿಸ್ಟರು ಆಚೆ ಬದಿಯ ಪಿನ್ನಿಗೆ ಸುದ್ದಿ ಮುಟ್ಟಿಸುತ್ತದೆ. ಬೆಳಕು ದಾಟುತ್ತದೆ, ವಿದ್ಯುತ್ತು ದಾಟದು. 4.7 ಕಿಲೋ ಓಮ್ ರೆಸಿಸ್ಟರಿನ ಮೂಲಕ ದೀಪಕ್ಕೆ ಸುಮಾರು 5 ಮಿಲಿಆಂಪಿಯರ್ ದೊರೆಯುತ್ತದೆ. ಸಾಮಾನ್ಯವಾಗಿ ಅಷ್ಟು ಸಾಕು. ತಂತಿಗಳು ಅದಲುಬದಲಾದರೂ ದೀಪ ಕೆಡದಂತೆ ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಒಂದು ಡಯೋಡನ್ನು ಜೋಡಿಸುವುದು ವಾಡಿಕೆ.

ಚಿಪ್ ಉಳಿಯುವುದಷ್ಟೇ ಸುರಕ್ಷತೆಯಲ್ಲ. ಯಂತ್ರದ ರಕ್ಷಣಾ ಬಾಗಿಲು ತೆರೆದಾಗ 24 ವೋಲ್ಟು ಬರುವಂತೆ ಜೋಡಿಸಿದ್ದರೆ, ತಂತಿ ತುಂಡಾದ ದಿನ ತೆರೆದ ಬಾಗಿಲೂ ಮುಚ್ಚಿದಂತೆಯೇ ತೋರುತ್ತದೆ. ಕಾರ್ಮಿಕನ ಕೈ ಒಳಗಿರುವಾಗಲೇ ಯಂತ್ರ ತಿರುಗೀತು. ಬಾಗಿಲು ಮುಚ್ಚಿರುವಾಗ ಸಂಕೇತವಿದ್ದು, ತೆರೆದಾಗ ಅದು ಕಡಿಯುವಂತೆ ಜೋಡಿಸಿದ್ದರೆ, ತಂತಿ ತುಂಡಾದರೂ ಯಂತ್ರ ನಿಲ್ಲುತ್ತದೆ. ಇಷ್ಟಾದರೂ ತುರ್ತು ನಿಲುಗಡೆಯನ್ನು ಚಿಪ್ ಒಂದಕ್ಕೇ ಒಪ್ಪಿಸದೆ, ಮೋಟಾರಿನ ಪ್ರವಾಹವನ್ನೇ ಕಡಿಯುವ ಪ್ರತ್ಯೇಕ ಏರ್ಪಾಡು ಇರತಕ್ಕದ್ದು. ಪಿನ್ನಿಗೆ ಎಷ್ಟು ವೋಲ್ಟು ತಲಪುತ್ತದೆಂಬುದರಷ್ಟೇ, ಏನೂ ತಲಪದಿದ್ದರೆ ಏನಾದೀತೆಂಬುದೂ ವಿಚಾರಾರ್ಹ.