ಪೆತಾಯಾವೆಸಿಯ ಹಳೆಯ ಇಗರ್ಜಿ

ಹಳತೆಂದ ಮಾತ್ರಕ್ಕೆ ಯಾವುದನ್ನೂ ಕೆಡಹಲಾಗದೆಂಬುದಕ್ಕೆ ಫಿನ್ಲೆಂಡ್ ದೇಶದ ಪೆತಾಯಾವೆಸಿ ಎಂಬ ಪುಟ್ಟ ಊರನ್ನು ವಾಚಕರ ಮುಂದಿಡುತ್ತೇವೆ. ಆ ನುಡಿಯಲ್ಲಿ 'ಪೆತಾಯಾ' ಎಂದರೆ ಪೈನ್ ಮರ, 'ವೆಸಿ' ಎಂದರೆ ನೀರು. 1763ರಿಂದ 1765ರವರೆಗೆ ಯಾಕ್ಕೊ ಲೆಪ್ಪಾನೆನ್ ಎಂಬ ಬಡಗಿಯು ಅಲ್ಲಿ ನೀರಿನ ದಡದಲ್ಲಿ ಪೈನ್ ದಿಮ್ಮಿಗಳಿಂದ ಶಿಲುಬೆಯಾಕಾರದ ಇಗರ್ಜಿಯನ್ನು ಕಟ್ಟಿದನು. ಭಕ್ತರು ಬೇಸಗೆಯಲ್ಲಿ ದೋಣಿಯೇರಿಯೂ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರವನ್ನು ದಾಟಿಯೂ ಬರುತ್ತಿದ್ದರು. 1821ರಲ್ಲಿ ಅವನ ಮೊಮ್ಮಗ ಎರ್ಕ್ಕಿಯು ಗಂಟೆಗೋಪುರವನ್ನು ಕೂಡಿಸಿದನು.

1879ರಲ್ಲಿ ಹೊಸ ಇಗರ್ಜಿ ಎದ್ದಿತು, ಹಳೆಯದು ಬರಿದಾಯಿತು. ಆದರೆ ಹಿರಿಯರ ಸಮಾಧಿಗಳೂ ಗಂಟೆಯೂ ಅಲ್ಲಿಯೇ ಇದ್ದುವು. ಊರವರು ಅದನ್ನು ಕೆಡಹಲಿಲ್ಲ. 1920ರ ದಶಕದಲ್ಲಿ ಜೀರ್ಣೋದ್ಧಾರವು ತೊಡಗಿತು. 1994ರಲ್ಲಿ ಯುನೆಸ್ಕೊ ಸಂಸ್ಥೆಯು ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಮೊಮ್ಮಕ್ಕಳಿಗೆ ಉಳಿದ ಈ ಸಂಪತ್ತಿನಲ್ಲಿ ಕಟ್ಟಿದವರ ಪಾಲೆಷ್ಟೋ ಕೆಡಹದೆ ಬಿಟ್ಟವರ ಪಾಲೂ ಅಷ್ಟೇ ಎಂದು ನಾವು ಬಗೆಯುತ್ತೇವೆ.